ತಲೆಯೊಳಗೊಂದು ಮಧುಗಿರಿ: ಮಿದುಳು ನಕ್ಷೆ ಹಾಕುವ ಬಗೆ

ಕರೆಂಟು ಹೋದ ರಾತ್ರಿ ಮನೆಯಲ್ಲಿ ನೀವು ಹೇಗೆ ಓಡಾಡ್ತೀರ ಅಂತ ಒಮ್ಮೆ ಯೋಚನೆ ಮಾಡಿ. ಕಣ್ಣಿಗೆ ಏನೂ ಕಾಣಲ್ಲ. ಆದರೂ ಮಂಚದಿಂದ ಎದ್ದು, ಹೊಸ್ತಿಲು ದಾಟಿ, ಅಡುಗೆಮನೆಗೆ ಹೋಗಿ, ಗೂಡಿನಲ್ಲಿಟ್ಟ ಬೆಂಕಿಪೊಟ್ಟಣಕ್ಕೆ ಸರಿಯಾಗಿ ಕೈ ಹಾಕ್ತೀರಿ. ಯಾರಾದರೂ ದಾರಿಯಲ್ಲಿದ್ದ ಕುರ್ಚಿಯನ್ನು ಜರುಗಿಸಿದ್ದರೆ ಮಾತ್ರ ಕಾಲ್ಬೆರಳಿಗೆ ಪೆಟ್ಟು. ಅಷ್ಟು ಹೊತ್ತೂ ನೀವು ನಡೆದದ್ದು ತಲೆಯೊಳಗಿರುವ ಮನೆಯ ಲೆಕ್ಕದ ಮೇಲೆ. ಕುರ್ಚಿ ಜರುಗಿದ ಸುದ್ದಿ ಆ ಲೆಕ್ಕಕ್ಕೆ ಇನ್ನೂ ಮುಟ್ಟಿರಲಿಲ್ಲ.

ತಲೆಯೊಳಗಿನ ಈ ಲೆಕ್ಕವನ್ನು ವಿಜ್ಞಾನಿಗಳು ಮಾಡೆಲ್ ಅಂತ ಕರೀತಾರೆ. ನಮ್ಮ ಸುತ್ತಲಿನ ಲೋಕದ ಒಂದು ಚಿಕ್ಕ ಪ್ರತಿಯನ್ನು ಮಿದುಳು ಒಳಗೆ ಕಟ್ಟಿಕೊಂಡು, ಮುಂದೇನಾಗುತ್ತದೆ ಅಂತ ಮೊದಲೇ ಊಹಿಸುತ್ತಿರುತ್ತದೆ. ಅದನ್ನು ಹೇಗೆ ಕಟ್ಟುತ್ತದೆ, ತಪ್ಪಾದರೆ ಹೇಗೆ ತಿದ್ದುತ್ತದೆ ಅನ್ನೋದನ್ನ ಸಮೀಕರಣ ಮತ್ತು ಸಿಮ್ಯುಲೇಶನ್ ಬಳಸಿ ಹುಡುಕುವ ಶಾಸ್ತ್ರಕ್ಕೆ ಕಂಪ್ಯುಟೇಶನಲ್ ನ್ಯೂರೋಸೈನ್ಸ್ ಅಂತ ಹೆಸರು. ಹೆಸರು ಕೇಳಿ ಇದು ಡಾಕ್ಟರುಗಳ ವಿಷಯ ಅಂದ್ಕೋಬೇಡಿ. ಇದರಲ್ಲಿ ಬರುವ ಅರ್ಧಕ್ಕರ್ಧ ಸಾಮಾನು ನಮ್ಮ ಕ್ಲಾಸಿನಲ್ಲೇ ಇದೆ: ಫಿಲ್ಟರ್, ಫೀಡ್‌ಬ್ಯಾಕ್, ಇಂಟಿಗ್ರೇಟರ್, ನಾಯ್ಸ್.

ಉದಾಹರಣೆಗೆ ದೂರ ಹೋಗೋದು ಬೇಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕು ಸಾಕು.

ಕಣ್ಣು ತಡ, ಊಹೆ ಮುಂದು

ಮೊದಲ ಪ್ರಶ್ನೆ: ಕಣ್ಣಿದೆಯಲ್ಲ, ಮತ್ತೆ ಮಾಡೆಲ್ ಯಾಕೆ ಬೇಕು?

ಯಾಕಂದರೆ ಕಣ್ಣಿನ ಸುದ್ದಿ ತಡವಾಗಿ ಬರುತ್ತದೆ. ಬೆಳಕು ಕಣ್ಣಿಗೆ ಬಿದ್ದು, ನರಗಳ ಮೂಲಕ ಮಿದುಳು ಮುಟ್ಟಿ, ಅದು ಏನು ಅಂತ ಗೊತ್ತಾಗುವಷ್ಟರಲ್ಲಿ ಸುಮಾರು 100 ಮಿಲಿಸೆಕೆಂಡ್ ಕಳೆದಿರುತ್ತದೆ. ಕ್ರಿಕೆಟ್ಟಿನಲ್ಲಿ ಇದನ್ನಿಟ್ಟು ನೋಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. 100 ಮಿಲಿಸೆಕೆಂಡಿನಲ್ಲಿ ಹತ್ತಿರ ಹತ್ತಿರ 4 ಮೀಟರ್. ಪಿಚ್ಚಿನ ಉದ್ದವೇ 20 ಮೀಟರ್ ಚಿಲ್ಲರೆ. ಅಂದರೆ ಬ್ಯಾಟ್ಸ್‌ಮನ್ 'ಕಂಡ' ಜಾಗದಲ್ಲಿ ಚೆಂಡು ಇರೋದೇ ಇಲ್ಲ, ಅದಾಗಲೇ 4 ಮೀಟರ್ ಮುಂದೆ ಬಂದಿರುತ್ತದೆ. ಬರೀ ಕಣ್ಣು ನಂಬಿ ಆಡಿದರೆ ಸ್ಟಂಪ್ ಹಾರಿದ ಮೇಲೆ ಬ್ಯಾಟು ಬೀಸಬೇಕು.

ಬ್ರಿಟನ್ನಿನ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ 2000ದಲ್ಲಿ ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆ ಅಳೆದರು. ಬೌಲರ್ ಕೈಯಿಂದ ಚೆಂಡು ಬಿಟ್ಟ ಕ್ಷಣ ಎಲ್ಲರೂ ಚೆಂಡನ್ನೇ ನೋಡ್ತಾರೆ. ಆಮೇಲೆ ಕಣ್ಣು ಚೆಂಡನ್ನು ಬಿಟ್ಟು, ಅದು ಎಲ್ಲಿ ಪುಟಿಯಬಹುದೋ ಆ ಜಾಗಕ್ಕೆ ಮೊದಲೇ ಹಾರಿ ಕಾದು ಕೂರುತ್ತದೆ. ಆಟಗಾರ ಒಳ್ಳೆಯವನಾದಷ್ಟೂ ಈ ಹಾರಿಕೆ ಬೇಗ. ಕಣ್ಣನ್ನು ಅಲ್ಲಿಗೆ ಕಳಿಸಿದ್ದು ಒಳಗಿನ ಮಾಡೆಲ್.

ನೋಡುವುದು ಅಂದರೆ ಗೊತ್ತಿಲ್ಲದೆಯೇ ಮಾಡುವ ಒಂದು ಊಹೆ ಅಂತ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ವಾದಿಸಿದ್ದ. ಅದಕ್ಕೆ ಒಂದು ಲೆಕ್ಕದ ರೂಪ ಕೊಟ್ಟವರಲ್ಲಿ ರಾಜೇಶ್ ರಾವ್ ಮತ್ತು ಡಾನಾ ಬ್ಯಾಲರ್ಡ್ ಪ್ರಮುಖರು. 1999ರ ಅವರ ಮಾಡೆಲ್ಲಿನ ಪ್ರಕಾರ ಮಿದುಳಿನ ಮೇಲಿನ ಹಂತಗಳು 'ಮುಂದೆ ಇಂಥದ್ದು ಬರುತ್ತೆ' ಅಂತ ಕೆಳಗಿನ ಹಂತಕ್ಕೆ ಹೇಳುತ್ತವೆ. ಕೆಳಗಿನವು ಬಂದದ್ದನ್ನೆಲ್ಲ ಮೇಲಕ್ಕೆ ಕಳಿಸಲ್ಲ, ಊಹೆಗೂ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳಿಸುತ್ತವೆ. ವಿಡಿಯೋ ಕಂಪ್ರೆಶನ್ ಓದಿದವರಿಗೆ ಇದು ಹೊಸದಲ್ಲ. ಪ್ರತಿ ಫ್ರೇಮನ್ನೂ ಪೂರ್ತಿ ಕಳಿಸುವ ಬದಲು ಬದಲಾದದ್ದನ್ನಷ್ಟೇ ಕಳಿಸಿದ ಹಾಗೆ. ಮಿದುಳು ಎಲ್ಲ ಕಡೆ ಹೀಗೇ ಕೆಲಸ ಮಾಡುತ್ತದೆಯೇ ಅನ್ನುವುದರ ಬಗ್ಗೆ ವಾದ ಇನ್ನೂ ನಡೆಯುತ್ತಿದೆ. ಆದರೆ ಊಹೆ, ತಪ್ಪು, ತಿದ್ದುಪಡಿ ಅನ್ನುವ ಈ ಸುತ್ತು ಮಿದುಳಿನ ಬಹಳಷ್ಟು ಕೆಲಸಗಳಲ್ಲಿ ಕಾಣಿಸುತ್ತದೆ.

ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿನಲ್ಲಿ ಹೋದವರಿಗೆ ಇದರ ಅನುಭವ ಇದ್ದೇ ಇದೆ. ಪಾವಗಡ ಬಹುಪಾಲು ಆಂಧ್ರದ ನೆಲ ಸುತ್ತುವರಿದ ತಾಲೂಕು. ಮೊದಲ ಸಲ ಹೋಗುವವನಿಗೆ ದಾರಿಯಲ್ಲಿ ಅಂಗಡಿ ಬೋರ್ಡುಗಳು ಇದ್ದಕ್ಕಿದ್ದಂತೆ ತೆಲುಗಿಗೆ ತಿರುಗಿದಾಗ 'ಅರೆ, ಎಲ್ಲಿಗೆ ಬಂದ್ವಿ?' ಅನಿಸುತ್ತದೆ. ದಿನಾ ಓಡಾಡುವವನು ಅದೇ ಬೋರ್ಡಿನ ಪಕ್ಕ ತೂಕಡಿಸ್ತಾ ಹೋಗ್ತಾನೆ. ಇಬ್ಬರ ಕಣ್ಣಿಗೂ ಬಿದ್ದ ಬೆಳಕು ಒಂದೇ. ಒಬ್ಬನ ಮಾಡೆಲ್ ತಪ್ಪಿತು, ಇನ್ನೊಬ್ಬನದು ತಪ್ಪಲಿಲ್ಲ.

ಕತ್ತಲ ಬಸ್ಸಿನಲ್ಲಿ ಒಂದು ಲೆಕ್ಕ

ಊಹೆಗೂ ಕಣ್ಣಿಗೂ ಜಗಳ ಬಂದರೆ ಯಾರ ಮಾತು ನಡೆಯಬೇಕು? ಇದಕ್ಕೆ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಉತ್ತರ ನಮ್ಮ ಸಿಲಬಸ್ಸಿನಲ್ಲೇ ಇದೆ: ಯಾರ ಮಾತು ಹೆಚ್ಚು ನಂಬಿಕೆಗೆ ಅರ್ಹವೋ ಅವರಿಗೆ ಹೆಚ್ಚು ತೂಕ.

ರಾತ್ರಿ ಬಸ್ಸು. ಹೊರಟು ಎಷ್ಟು ಹೊತ್ತಾಯಿತು ಅಂತ ನೋಡಿ ನಿಮ್ಮ ಊಹೆ '20 ಕಿಲೋಮೀಟರ್ ಬಂದಿದೀವಿ' ಅನ್ನುತ್ತದೆ, ಆದರೆ ಹೆಚ್ಚುಕಮ್ಮಿ 4 ಕಿಲೋಮೀಟರ್ ತಪ್ಪಿರಬಹುದು. ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಊರಿನ ದೀಪ ಕಂಡು '25 ಆಗಿರಬೇಕು' ಅನಿಸುತ್ತದೆ. ಅದರ ತಪ್ಪು ಹೆಚ್ಚುಕಮ್ಮಿ 2 ಕಿಲೋಮೀಟರ್. ಸಂಖ್ಯೆಗಳು ಬರೀ ಲೆಕ್ಕಕ್ಕಾಗಿ. ವೇರಿಯನ್ಸ್ ಕ್ರಮವಾಗಿ 16 ಮತ್ತು 4. ಕಾಲ್ಮನ್ ಗೇನ್ 16 ಭಾಗಿಸು 20, ಅಂದರೆ 0.8. ಹೊಸ ಅಂದಾಜು 20 ಕೂಡಿಸು 0.8 ಗುಣಿಸು 5, ಅಂದರೆ 24 ಕಿಲೋಮೀಟರ್. ಹೊಸ ವೇರಿಯನ್ಸ್ 3.2. ಗಮನಿಸಿ, ಇದು 4ಕ್ಕಿಂತಲೂ ಕಮ್ಮಿ. ಎರಡು ಅರೆಬರೆ ಸುದ್ದಿ ಸೇರಿ ಎರಡಕ್ಕಿಂತಲೂ ಒಳ್ಳೆಯ ಸುದ್ದಿ ಹುಟ್ಟಿತು.

ಅದೇ ಕಿಟಕಿಗೆ ಮಳೆ ಹೊಡೆದು ದೀಪ ಮಸುಕಾಗಿದ್ದರೆ? ಕಣ್ಣಿನ ವೇರಿಯನ್ಸ್ ಜಾಸ್ತಿ, ಗೇನ್ ಕಮ್ಮಿ, ಊಹೆಯದ್ದೇ ದರ್ಬಾರು. ಕತ್ತಲಲ್ಲಿ ಹಗ್ಗ ಹಾವಾಗಿ ಕಾಣೋದೂ ಇದೇ ಲೆಕ್ಕದಿಂದ. ಹಗ್ಗ ಹಾವು ಅಂತ ವೇದಾಂತದವರು ಬಹಳ ಹಿಂದೆಯೇ ಹೇಳಿದ ಮಾತಿಗೆ ಒಂದು ಸಮೀಕರಣ ಸಿಕ್ಕಿದೆ, ಅಷ್ಟೇ.

ಇಲಿಯ ತಲೆಯಲ್ಲಿ ಜೇನುಗೂಡು

ಈಗ ನಕ್ಷೆಯ ವಿಷಯ. ನೀವು ಕೊರಟಗೆರೆಯವರು ಅಂತಿಟ್ಕೊಳ್ಳಿ. ಮಧುಗಿರಿಗೆ ಹೋಗಿದ್ದೀರಿ, ಅದು ಉತ್ತರಕ್ಕೆ. ಮಧುಗಿರಿಯಿಂದ ಶಿರಾಕ್ಕೆ ಹೋಗಿದ್ದೀರಿ, ಅದು ಪಶ್ಚಿಮಕ್ಕೆ. ಕೊರಟಗೆರೆಯಿಂದ ಶಿರಾ ಕಡೆ ನೆಟ್ಟಗೆ ಯಾವತ್ತೂ ಹೋಗಿಲ್ಲ. ಆದರೂ 'ಶಿರಾ ಯಾವ ಕಡೆ?' ಅಂದರೆ ಕೈ ವಾಯವ್ಯಕ್ಕೆ ಹೋಗುತ್ತದೆ. ನಡೆಯದ ದಾರಿಯನ್ನು ತಲೆ ಎರಡು ವೆಕ್ಟರ್ ಕೂಡಿಸಿ ಕಂಡುಹಿಡಿಯಿತು. ಎಡ, ಬಲ, ಎಡ ಅಂತ ಬರೀ ತಿರುವುಗಳನ್ನು ಬಾಯಿಪಾಠ ಮಾಡಿದವನಿಗೆ ಇದು ಬರಲ್ಲ. ಎಡ್ವರ್ಡ್ ಟೋಲ್ಮನ್ ಇಲಿಗಳಲ್ಲಿ ಇಂಥದ್ದೇ ಜಾಣತನ ಕಂಡು 1948ರಲ್ಲಿ ಅವುಗಳ ತಲೆಯಲ್ಲಿ ನಕ್ಷೆಯಂಥದ್ದೇನೋ ಇರಬೇಕು ಅಂದ.

ಆ ನಕ್ಷೆ ಸಿಕ್ಕಿದ್ದು ಹೀಗೆ. 1971ರಲ್ಲಿ ಲಂಡನ್ನಿನ ಜಾನ್ ಓಕೀಫ್, ಇಲಿಯ ಹಿಪ್ಪೊಕ್ಯಾಂಪಸ್ ಭಾಗದಲ್ಲಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ನರಕೋಶಗಳನ್ನು ಸಹೋದ್ಯೋಗಿಯೊಬ್ಬರ ಜೊತೆ ವರದಿ ಮಾಡಿದ. ಇವು ಪ್ಲೇಸ್ ಸೆಲ್. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತಂಡ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಇನ್ನೊಂದು ಬಗೆಯ ಕೋಶಗಳನ್ನು ತೋರಿಸಿತು. ಒಂದೇ ಕೋಶ ಹಲವು ಜಾಗಗಳಲ್ಲಿ ಮಿಡಿಯುತ್ತದೆ, ಮತ್ತು ಆ ಜಾಗಗಳನ್ನು ನೆಲದ ಮೇಲೆ ಚುಕ್ಕಿ ಇಟ್ಟು ನೋಡಿದರೆ ಷಟ್ಕೋನಗಳ ಜಾಲ! ಜೇನಿನ ಹೆಸರನ್ನೇ ಇಟ್ಟುಕೊಂಡ ಮಧುಗಿರಿಯವರಿಗೆ ಷಟ್ಕೋನದ ಪರಿಚಯ ಹೇಳಬೇಕಾಗಿಲ್ಲ. ಇವಕ್ಕೆ ಗ್ರಿಡ್ ಸೆಲ್ ಅಂತ ಹೆಸರು. ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ವೈದ್ಯಕೀಯ ನೊಬೆಲ್ ಬಂತು.

ಇವು ದಾರಿ ಲೆಕ್ಕ ಹಾಕೋದು ಎಷ್ಟು ವೇಗ, ಯಾವ ದಿಕ್ಕು ಅಂತ ಕೂಡಿಸುತ್ತಾ ಹೋಗಿ. ಅಂದರೆ ಇಂಟಿಗ್ರೇಶನ್. ಮರುಭೂಮಿಯ ಒಂದು ಜಾತಿಯ ಇರುವೆಗೆ ಮಿದುಳು ಬೇರೆಯಾದರೂ ಕೆಲಸ ಇದೇ. 2006ರಲ್ಲಿ ಸಂಶೋಧಕರು ಮೇವು ಸಿಕ್ಕ ಇರುವೆಗಳ ಕಾಲಿಗೆ ಮರಗಾಲು ಕಟ್ಟಿ ಬಿಟ್ಟರು. ಹೆಜ್ಜೆ ಉದ್ದವಾಯಿತು, ಹೆಜ್ಜೆಯ ಎಣಿಕೆ ಹಳೆಯದೇ. ಪಾಪ, ಅವು ಗೂಡು ದಾಟಿ ಮುಂದೆ ಹೋಗಿ ಹುಡುಕಾಡಿದವು.

ಇಂಟಿಗ್ರೇಟರಿನ ರೋಗ ಏನು ಅಂತ ನಮಗೆ ಗೊತ್ತು: ಚಿಕ್ಕ ತಪ್ಪು ಕೂಡುತ್ತಾ ದೊಡ್ಡದಾಗುತ್ತದೆ. ದಿಕ್ಕಿನಲ್ಲಿ ಬರೀ 2 ಡಿಗ್ರಿ ತಪ್ಪಿದರೂ 1 ಕಿಲೋಮೀಟರ್ ನಡೆದ ಮೇಲೆ 35 ಮೀಟರ್ ಪಕ್ಕದಲ್ಲಿರ್ತೀರಿ. ಕೃಷ್ಣಮೃಗಗಳಿರುವ ಮೈದನಹಳ್ಳಿಯ ಬಯಲಿನಂಥ ಕಡೆ, ಗುರುತಿಗೆ ಏನೂ ಇಲ್ಲದ ಹುಲ್ಲುಗಾವಲಿನಲ್ಲಿ, ಇದು ನಿಜವಾದ ಕಷ್ಟ. ಮದ್ದು ಒಂದೇ, ಆಗಾಗ ಒಂದು ಗುರುತು ನೋಡಿ ಲೆಕ್ಕ ಸರಿಮಾಡಿಕೊಳ್ಳೋದು. ಮಧುಗಿರಿಯವರಿಗೆ ಆ ಚಿಂತೆ ಕಮ್ಮಿ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಊರ ತಲೆಮೇಲೇ ನಿಂತಿದೆ. ಎಲ್ಲಿಂದ ನೋಡಿದರೂ ಕಾಣುತ್ತದೆ, ಪ್ರತಿ ದಿಕ್ಕಿನಿಂದ ಬೇರೆ ಆಕಾರದಲ್ಲಿ ಕಾಣುತ್ತದೆ. ರೋಬೋಟಿಕ್ಸ್‌ನವರು ಸ್ಲ್ಯಾಮ್ ಅಲ್ಗಾರಿದಮ್ಮಿಗೆ ಇಂಥ ಗುರುತು ಸಿಕ್ಕರೆ ಕೈಮುಗೀತಾರೆ.

ಬೆಂಗಳೂರಿನಲ್ಲಿ ನಡೆದ ಕೆಲಸ

ಈ ಶಾಸ್ತ್ರವೆಲ್ಲ ಹೊರದೇಶದ್ದು ಅನ್ನಿಸಿದರೆ, ನಮ್ಮ ಪಕ್ಕದಲ್ಲೇ ನಡೆದ ಮೂರು ಕೆಲಸ ನೋಡಿ.

ಗ್ರಿಡ್ ಸೆಲ್ಲಿಗೆ ಒಂದು ಪ್ರಸಿದ್ಧ ಮಾಡೆಲ್ ಇದೆ. ನರಕೋಶಗಳನ್ನು ಒಂದು ಹಾಳೆಯ ಮೇಲೆ ಜೋಡಿಸಿದ ಹಾಗೆ ಊಹಿಸಿ, ಒಂದನ್ನೊಂದು ತಡೆಯುವಂತೆ ತಕ್ಕ ದೂರಗಳಲ್ಲಿ ಜೋಡಣೆ ಕೊಟ್ಟರೆ, ಹಾಳೆಯ ಮೇಲೆ ಚಟುವಟಿಕೆಯ ದಿಬ್ಬಗಳು ತಾವಾಗಿಯೇ ಏಳುತ್ತವೆ. ಪ್ರಾಣಿ ನಡೆದಂತೆ ದಿಬ್ಬಗಳೂ ಜರುಗುತ್ತವೆ. ಒಂದು ಷರತ್ತು: ಎಲ್ಲ ಕೋಶಗಳೂ ಒಂದೇ ಅಚ್ಚಿನವಾಗಿರಬೇಕು. ಆದರೆ ಅಂಗಡಿಯಲ್ಲಿ ತಂದ ರೆಸಿಸ್ಟರುಗಳೇ ಒಂದರ ಹಾಗೆ ಒಂದಿರಲ್ಲ, ಜೀವಂತ ಕೋಶಗಳು ಇರ್ತಾವಾ? ಭಾರತೀಯ ವಿಜ್ಞಾನ ಸಂಸ್ಥೆಯ ದಿವ್ಯಾಂಶ್ ಮಿತ್ತಲ್ ಮತ್ತು ರಿಷಿಕೇಶ್ ನಾರಾಯಣನ್ ಈ ಏರುಪೇರುಗಳನ್ನು ಮಾಡೆಲ್ಲಿಗೆ ಸೇರಿಸಿ ನೋಡಿದರು. ಷಟ್ಕೋನಗಳು ಚೆದುರಿದವು. ಯಾಕೆ ಅಂತ ಹುಡುಕಿದಾಗ, ಏರುಪೇರಿನ ತೊಂದರೆ ಮುಖ್ಯವಾಗಿ ಕಡಿಮೆ ಫ್ರೀಕ್ವೆನ್ಸಿಯಲ್ಲಿ ನುಗ್ಗುತ್ತಿತ್ತು. ಆಗ ಅವರು ಕೋಶಗಳಿಗೆ ರೆಸೊನೆನ್ಸ್ ಗುಣ ಕೊಟ್ಟರು, ಅಂದರೆ ನಿಧಾನವಾದ ಒಂದು ನೆಗೆಟಿವ್ ಫೀಡ್‌ಬ್ಯಾಕ್. ಅದು ಕಡಿಮೆ ಫ್ರೀಕ್ವೆನ್ಸಿಯ ತೊಂದರೆಯನ್ನು ಅದುಮಿತು, ಷಟ್ಕೋನಗಳು ಮತ್ತೆ ನಿಂತವು. ಎಂಟೊರೈನಲ್ ಕಾರ್ಟೆಕ್ಸ್‌ನ ನಿಜವಾದ ಕೋಶಗಳಲ್ಲಿ ಈ ರೆಸೊನೆನ್ಸ್ ಇರೋದು ಮೊದಲೇ ಗೊತ್ತಿತ್ತು. ಅದು ಯಾವ ಕೆಲಸಕ್ಕೆ ಬರಬಹುದು ಅಂತ 2021ರ ಈ ಲೇಖನ ಒಂದು ಉತ್ತರ ಕೊಟ್ಟಿತು. ಕಂಟ್ರೋಲ್ ಸಿಸ್ಟಮ್ಸ್ ಓದುವಾಗ 'ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತೆ' ಅಂತ ಗೊಣಗುವವರು ಇದನ್ನು ಓದಬೇಕು.

ಎರಡನೆಯದು ವಾಸನೆಯದ್ದು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಮತ್ತು ಸಂಗಡಿಗರು 2006ರಲ್ಲಿ ಇಲಿಗಳು ಸ್ಟೀರಿಯೋದಲ್ಲಿ ಮೂಸುತ್ತವೆ ಅಂತ ತೋರಿಸಿದರು. ಎರಡು ಹೊಳ್ಳೆಗೆ ವಾಸನೆ ಬಂದ ಪ್ರಮಾಣ ಮತ್ತು ಸಮಯದ ವ್ಯತ್ಯಾಸದಿಂದ, ಒಂದೆರಡು ಸಲ ಮೂಸಿದರೆ ಸಾಕು, ವಾಸನೆ ಎಡದಿಂದಲೋ ಬಲದಿಂದಲೋ ಅಂತ ಇಲಿಗೆ ಗೊತ್ತಾಗುತ್ತದೆ. 50 ಮಿಲಿಸೆಕೆಂಡಿನಷ್ಟು ಚಿಕ್ಕ ವ್ಯತ್ಯಾಸವೂ ಸಾಲುತ್ತದೆ.

ಮೂರನೆಯದರಲ್ಲಿ, 2014ರಲ್ಲಿ, ಅದೇ ಪ್ರಯೋಗಾಲಯ ಸಣ್ಣ ಇಲಿಗಳಿಗೆ ಒಂದು ಸದ್ದು ಕೇಳಿಸಿ, ಸುಮಾರು ಕಾಲು ಸೆಕೆಂಡ್ ಬಿಟ್ಟು ಕಣ್ಣಿಗೆ ಗಾಳಿ ಊದಿತು. ಕಲಿತ ಇಲಿ ಗಾಳಿ ಬರುವ ಮೊದಲೇ ಕಣ್ಣು ಮುಚ್ಚುತ್ತದೆ. ಕಲಿಯುತ್ತಾ ಹೋದಂತೆ ಹಿಪ್ಪೊಕ್ಯಾಂಪಸ್ಸಿನ ಕೋಶಗಳು ಸದ್ದಿಗೂ ಗಾಳಿಗೂ ನಡುವಿನ ಖಾಲಿ ಸಮಯವನ್ನು ಸಾಲಾಗಿ, ಒಂದಾದ ಮೇಲೊಂದು ಮಿಡಿದು ತುಂಬಿದವು. ಜಾಗದ ನಕ್ಷೆ ಬರೆಯುವ ಭಾಗವೇ ಸಮಯದ ನಕ್ಷೆಯನ್ನೂ ಬರೆಯುತ್ತಿತ್ತು.

ನೆಲವೇ ಬದಲಾದರೆ?

ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಊರುಗಳ ಸುತ್ತ ಇವತ್ತು 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ವಿಸ್ತೀರ್ಣ ಸುಮಾರು 13,000 ಎಕರೆ, ಅಂದರೆ ಹೆಚ್ಚುಕಮ್ಮಿ 53 ಚದರ ಕಿಲೋಮೀಟರ್. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು ಅನ್ನೋದು ಅದರ ವಿಶೇಷ. ಅದರ ಲಾಭ ನಷ್ಟದ ಚರ್ಚೆ ಬೇರೆ. ಮಿದುಳಿನ ಕಣ್ಣಿಂದ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ.

ಐವತ್ತು ವರ್ಷ ಅದೇ ನೆಲದಲ್ಲಿ ಕುರಿ ಕಾಯ್ದವರ ತಲೆಯಲ್ಲಿ ಬದು, ಹುಣಸೆಮರ, ಕಾಲುದಾರಿ ಎಲ್ಲ ಸೇರಿದ ಒಂದು ನಕ್ಷೆ ಇರುತ್ತದೆ. ಈಗ ಅಲ್ಲಿ ಬೇಲಿ, ಮತ್ತು ಒಂದೇ ಥರದ ಫಲಕಗಳ ಸಾಲು. ಪರಿಸರ ಬದಲಾದಾಗ ಪ್ಲೇಸ್ ಸೆಲ್ಲುಗಳು ತಮ್ಮ ಜಾಗಗಳನ್ನು ಹೊಸದಾಗಿ ಹಂಚಿಕೊಳ್ಳುತ್ತವೆ ಅಂತ 1980ರ ದಶಕದಿಂದಲೇ ಪ್ರಯೋಗಗಳು ತೋರಿಸಿವೆ. ಇದಕ್ಕೆ ರೀಮ್ಯಾಪಿಂಗ್ ಅಂತಾರೆ. ಆದರೆ ಹೊಸ ನಕ್ಷೆಗೂ ಗುರುತು ಬೇಕಲ್ಲ. ಈ ಸಾಲಿಗೂ ಮುಂದಿನ ಸಾಲಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಎಲ್ಲಿದ್ದೀನಿ ಅಂತ ರೋಬೋಟಿಗೂ ತಿಳಿಯಲ್ಲ. ದೊಡ್ಡ ಯೋಜನೆ ಮಾಡುವ ಎಂಜಿನಿಯರುಗಳು ನಾವೇ ಆಗಬಹುದು ನಾಳೆ. ಒಂದು ಹಳೇ ಮರ ಉಳಿಸುವುದು, ಸಾಲುಗಳಿಗೆ ದೂರದಿಂದ ಕಾಣುವ ಬೇರೆ ಬೇರೆ ಬಣ್ಣದ ಗುರುತು ಹಾಕುವುದು, ಹಳೇ ಕಾಲುದಾರಿಯ ದಿಕ್ಕಿನಲ್ಲೇ ಹೊಸ ದಾರಿ ಬಿಡುವುದು ಇದೆಲ್ಲ ದೊಡ್ಡ ಖರ್ಚಿನ ಮಾತಲ್ಲ. ಆ ನೆಲದಲ್ಲಿ ಬಾಳುವವರ ತಲೆಯಲ್ಲೂ ಒಂದು ನಕ್ಷೆ ಇದೆ ಅನ್ನುವುದು ಡ್ರಾಯಿಂಗ್ ಹಾಕುವಾಗ ನೆನಪಿದ್ದರೆ ಸಾಕು.

ನಕ್ಷೆಯೇ ಹರಿದರೆ?

'ಅರವತ್ತಕ್ಕೆ ಅರಳು ಮರಳು' ಅಂತ ನಮ್ಮಲ್ಲಿ ಮಾತಿದೆ. ಅಜ್ಜ ಸಂತೆಯಿಂದ ಬರುವಾಗ ಬೇರೆ ಬೀದಿಗೆ ಹೊಕ್ಕರೆ 'ವಯಸ್ಸಾಯ್ತು ಬಿಡಪ್ಪ' ಅಂತ ನಕ್ಕು ಸುಮ್ಮನಾಗ್ತೀವಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಆಲ್ಝೈಮರ್ ಕಾಯಿಲೆ ಮಿದುಳಿನಲ್ಲಿ ಮೊದಲು ಕೈ ಹಾಕುವ ಜಾಗಗಳಲ್ಲಿ ಒಂದು ಈ ಎಂಟೊರೈನಲ್ ಕಾರ್ಟೆಕ್ಸೇ, ಅದೇ ಗ್ರಿಡ್ ಸೆಲ್ಲುಗಳ ಮನೆ. ಹಾಗಾಗಿ ಪರಿಚಿತ ದಾರಿ ತಪ್ಪುವುದು ಆ ಕಾಯಿಲೆಯ ಮೊದಲ ಸೂಚನೆಗಳಲ್ಲಿ ಒಂದಾಗಿರಬಹುದು. ಹೆಸರು ಮರೆಯೋದು, ಕನ್ನಡಕ ಎಲ್ಲಿಟ್ಟೆ ಅನ್ನೋದು ಎಲ್ಲರಿಗೂ ಇದ್ದದ್ದೇ. ನಲವತ್ತು ವರ್ಷ ನಡೆದ ದಾರಿ ಮತ್ತೆ ಮತ್ತೆ ತಪ್ಪಿದರೆ ಅದು ಬೇರೆ ವಿಷಯ.

ಇಂಥದ್ದನ್ನು ಹಳ್ಳಿಯಲ್ಲಿ ಅಳೆಯುವುದೂ ಸುಲಭವಿಲ್ಲ. ಮರೆವಿನ ಪರೀಕ್ಷೆಗಳಲ್ಲಿ ಬಹಳಷ್ಟು ಪೆನ್ಸಿಲ್ಲು ಕಾಗದದವು, ಶಾಲೆಗೆ ಹೋಗದವರಿಗೆ ಅನ್ಯಾಯ ಮಾಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ಶ್ರೀನಿವಾಸಪುರದ ಹಳ್ಳಿಗೂ ಮಧುಗಿರಿ ಕೊರಟಗೆರೆಯ ಹಳ್ಳಿಗೂ ಊಟ, ದುಡಿಮೆ, ಬಿಸಿಲು ಹೆಚ್ಚು ಬೇರೆಯಲ್ಲ. ಅಲ್ಲಿ ತಿಳಿದದ್ದು ನಮಗೂ ಸೇರಿದ್ದು.

ಮನೆಯಲ್ಲಿ ನಾವು ಮಾಡಬಹುದಾದದ್ದು ಏನು? ನಗಬೇಡಿ, ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಮರೆವಿನ ವೇಷ ಹಾಕುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ನಾಲ್ಕು ಸಲ ದಾರಿ ತಪ್ಪಿದ ಮೇಲೆ ಹೋಗುವುದಕ್ಕಿಂತ ಒಂದು ಸಲಕ್ಕೇ ಹೋಗುವುದು ವಾಸಿ.

ಮ್ಯಾಪ್ ಫೋನಿನಲ್ಲಿರಲಿ, ತಲೆಯಲ್ಲೂ ಇರಲಿ

ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸಲು ಲೈಸೆನ್ಸ್ ಬೇಕಾದರೆ ಊರಿನ ಸಾವಿರಾರು ರಸ್ತೆ ಬಾಯಿಪಾಠವಿರಬೇಕು. ಎಲೀನರ್ ಮಗ್ವೈರ್ ತಂಡ 2000ದಲ್ಲಿ ಆ ಚಾಲಕರ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದು ಅಂತ ಕಂಡಿತು. 2006ರಲ್ಲಿ ಅವರನ್ನು ಅದೇ ಊರಿನ ಬಸ್ ಚಾಲಕರ ಜೊತೆ ಹೋಲಿಸಿದರು. ಬಸ್ಸಿನವರೂ ಅಷ್ಟೇ ಓಡಿಸ್ತಾರೆ, ಅಷ್ಟೇ ಟ್ರಾಫಿಕ್ಕು, ಆದರೆ ದಾರಿ ನಿಗದಿಯಾಗಿದ್ದು. ಅವರಲ್ಲಿ ಆ ಬದಲಾವಣೆ ಕಾಣಲಿಲ್ಲ. ದಾರಿ ಸವೆಸಿದರೆ ಸಾಲದು, ದಾರಿ ಹುಡುಕಬೇಕು. ಫೋನು 'ಬಲಕ್ಕೆ ತಿರುಗಿ' ಅಂದಾಗ ನಾವೆಲ್ಲ ಬಸ್ ಚಾಲಕರ ಗುಂಪಿಗೆ ಸೇರ್ತೀವಿ.

ಹಾಗಂತ ಫೋನು ಬಿಸಾಕಬೇಕಾಗಿಲ್ಲ. ಈ ವಾರ ಎರಡು ಕೆಲಸ ಮಾಡಿ ನೋಡಿ. ಒಂದು, ಪೈಥಾನಿನಲ್ಲಿ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ. 1 ಮೀಟರಿನ ಒಂದೊಂದು ಹೆಜ್ಜೆಗೂ 5 ಸೆಂಟಿಮೀಟರಿನ ರ‍್ಯಾಂಡಮ್ ತಪ್ಪು ಸೇರಿಸಿ. 100 ಹೆಜ್ಜೆಗೆ ತಪ್ಪು ಅರ್ಧ ಮೀಟರ್, 10,000 ಹೆಜ್ಜೆಗೆ 5 ಮೀಟರ್ ಆಸುಪಾಸು ಬರಬೇಕು. ಆಮೇಲೆ ಪ್ರತಿ 500 ಹೆಜ್ಜೆಗೆ ಒಂದು ಬೆಟ್ಟ ಕಾಣಿಸಿ, ಮೇಲೆ ಹೇಳಿದ ಗೇನ್ ಹಾಕಿ, ಗ್ರಾಫ್ ಹೇಗೆ ಇಳಿಯುತ್ತದೆ ನೋಡಿ.

ಎರಡು, ಊರಿಗೆ ಹೋದಾಗ ಅಜ್ಜಿಯ ಮುಂದೆ ಒಂದು ಬಿಳಿ ಹಾಳೆ ಇಡಿ. ಪೆನ್ನು ನೀವು ಹಿಡಿಯಿರಿ, ದಾರಿ ಅವರು ಹೇಳಲಿ: ತವರಿಗೆ ಹೇಗೆ ಹೋಗ್ತಿದ್ರಿ, ನೀರಿಗೆ ಯಾವ ಬಾವಿ, ದನ ಯಾವ ಕಡೆ ಮೇಯ್ತಿದ್ವು, ಜಾತ್ರೆ ದಿನ ಗಾಡಿ ಎಲ್ಲಿ ನಿಲ್ಲಿಸ್ತಿದ್ರು. ಗೂಗಲ್ಲಿನಲ್ಲಿ ಸಿಗದ ಎಷ್ಟು ಹೆಸರು ಆ ಹಾಳೆಯಲ್ಲಿ ಬಂದವು ಅಂತ ಎಣಿಸಿ, ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.